ಬೆವರುವ ಕೈಗೊಂದು ಹಿಡಿಕೆ

ಪಿಸ್ತೂಲು ನಮ್ಮ ಮನೆಗೆ ಬಂದ ದಿನ ಅದನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ ಜಗಳವಾಯಿತು. ಈಗ ಎಲ್ಲರೂ ಬಸವಕಲ್ಯಾಣ ಎನ್ನುವ ಊರನ್ನು ನಾವು ಬರೀ ಕಲ್ಯಾಣ ಎನ್ನುತ್ತಿದ್ದೆವು. ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಒಂದು ಕಿಂಡಿ. ಪಡಸಾಲೆಯಲ್ಲಿ ಇಟ್ಟರೆ ಹೋಗುವವರ ಬರುವವರ ಕಣ್ಣು ಬೀಳುತ್ತದೆ ಎಂದ ಅಪ್ಪ. ಅಡುಗೆಮನೆಗೆ ಅದು ಬರಬಾರದು ಎಂದಳು ಅವ್ವ. ದೇವರ ಕೋಣೆಯ ಹೊಸ್ತಿಲು ಅದಕ್ಕೆ ಕಾಣಲೂಬಾರದು ಎಂದಳು ಅಪ್ಪನ ತಾಯಿ, ನಮ್ಮ ಆಯಿ. ಕೊನೆಗೆ ಉಳಿದದ್ದು ನಡುಮನೆ. ಅಲ್ಲಿ ಬೀಸುವ ಕಲ್ಲಿನ ಮೇಲೆ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿದ್ದ ಉಪ್ಪಿನಕಾಯಿ ಭರಣಿಗಳನ್ನು ಅವ್ವ ಇಳಿಸಿದಳು. ಅಪ್ಪ ಪಿಸ್ತೂಲನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಗೂಡಿಗಿಟ್ಟ. ಗುಂಡುಗಳು ಬೇರೆ ಡಬ್ಬಿಯಲ್ಲಿ ಅವನ ಸೊಂಟದ ಕೀಲಿಕೈಯ ಕಾವಲಿನಲ್ಲಿದ್ದವು. ಅಂದಿನಿಂದ ಅವ್ವ ಜೋಳ ಬೀಸುವಾಗ ಹಾಡುವುದನ್ನು ಬಿಟ್ಟಳು.

ಅಪ್ಪ ಹುಮನಾಬಾದಿನ ಒಬ್ಬ ಸಾಹುಕಾರರ ಬಂಡಿಗಳಿಗೆ ಕಾವಲಿನವನಾಗಿದ್ದ. ಕೊಹಿನೂರ, ಮೋರಖಂಡಿ ಕಡೆಯಿಂದ ಕಲ್ಯಾಣದ ಪೇಟೆಗೆ ಬಂದ ತುಪ್ಪ, ತೊಗರಿ, ಕುಸುಬೆ ಹುಮನಾಬಾದಿಗೆ ಹೋಗುತ್ತಿದ್ದವು. ತಿರುಗಿ ಬರುವಾಗ ಸೋಲಾಪುರದ ಬಟ್ಟೆ, ಬೆಲ್ಲ, ಸೀಮೆಎಣ್ಣೆ ಡಬ್ಬಿಗಳು ಬರುತ್ತಿದ್ದವು. ಮುಂದಿನ ಬಂಡಿಯನ್ನು ಹೊಡೆಯುತ್ತಿದ್ದವನು ಅಪ್ಪನ ತಮ್ಮ, ನಮ್ಮ ಬಸಣ್ಣ ಕಾಕಾ. ಅಪ್ಪ ಅದರ ಪಕ್ಕದಲ್ಲಿ ಕೋಲು ಹಿಡಿದು ನಡೆಯುತ್ತಿದ್ದ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮ್ಮಲ್ಲಿ ಅದು ಕಾಣುತ್ತಿದ್ದುದು ಎಲ್ಲವೂ ತುಟ್ಟಿಯಾದದ್ದರಲ್ಲಿ, ಮತ್ತೆ ಹಳ್ಳದ ದಂಡೆಯಲ್ಲಿ ಬಂಡಿ ತಡೆಯುವವರು ಹೆಚ್ಚಾದದ್ದರಲ್ಲಿ. ಆಗ ಸಾಹುಕಾರರು ತಮ್ಮ ಲೈಸೆನ್ಸಿಗೆ ಅಪ್ಪನ ಹೆಸರನ್ನೂ ಬರೆಸಿ, ಕೋಲಿನ ಬದಲು ಪಿಸ್ತೂಲು ಕೊಟ್ಟರು. ಅದು ಹಳೆಯದು, ಎಷ್ಟು ಕೈ ದಾಟಿ ಬಂದಿತ್ತೋ ಏನೋ. ಅದರ ಹಿಡಿಕೆಯ ಎರಡೂ ಬದಿಯ ಕಪ್ಪು ಕಟ್ಟಿಗೆ ಸವೆದು ಸವೆದು ಹಳ್ಳದ ಗುಂಡುಕಲ್ಲಿನಂತೆ ನುಣ್ಣಗಾಗಿತ್ತು.

ಅಪ್ಪನ ಅಂಗೈ ಬೆವರುತ್ತಿತ್ತು. ಬೇಸಿಗೆ, ಚಳಿಗಾಲ ಎನ್ನುವ ಭೇದವಿರಲಿಲ್ಲ. ಅವನು ತಂಬಿಗೆ ಮುಟ್ಟಿದರೆ ತಂಬಿಗೆಯ ಮೇಲೆ ಐದು ಬೆರಳೂ ಮೂಡುತ್ತಿದ್ದವು. ಕಾಗದ ಹಿಡಿದರೆ ಅದು ಮೆತ್ತಗಾಗುತ್ತಿತ್ತು. ಸೊಂಟದಲ್ಲಿ ಯಾವಾಗಲೂ ಒಂದು ಒರೆಸುವ ಬಟ್ಟೆ ಇರುತ್ತಿತ್ತು. ಮನೆಯಲ್ಲಿ ನಾವು ಮೂವರು ಮಕ್ಕಳು. ಹಿರಿಯಳಾದ ನನಗೆ ಮಾತ್ರ ಆ ಕೈ ಬಂದಿತ್ತು. ಪಾಟಿಯ ಮೇಲೆ ನಾನು ಬರೆದ ಅಕ್ಷರಗಳನ್ನು ನನ್ನ ಕೈಯೇ ಅಳಿಸುತ್ತಿತ್ತು. ಜಾತ್ರೆ, ಸಂತೆಗಳಲ್ಲಿ ಅಪ್ಪ ನನ್ನ ಕೈ ಹಿಡಿದರೆ ಇಬ್ಬರ ಕೈಯೂ ಒಂದರೊಳಗಿಂದ ಒಂದು ಜಾರಿ, ನಾನು ಅವನ ಅಂಗಿಯ ತುದಿ ಹಿಡಿದು ನಡೆಯುತ್ತಿದ್ದೆ. ಬೆವರುವ ಕೈ ಅದೃಷ್ಟದ ಕೈ ಎಂದು ಆಯಿ ಹೇಳುತ್ತಿದ್ದಳು. ಓಣಿಯವರು ಬೇರೆ ಹೇಳುತ್ತಿದ್ದರು. ಬೆವರುವ ಕೈ ಹೆದರುವವನ ಕೈ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಪ್ಪನ ಉತ್ತರ ಒಂದೇ ಇರುತ್ತಿತ್ತು.

"ಇದು ಹೆದರಿಕಿ ಅಲ್ಲ, ಮೈಯಿನ ಗುಣ. ನನ್ನ ಮಗಳ ಕೈ ನೋಡ್ರಿ ಬೇಕಾದ್ರ. ಆಕಿ ಯಾರಿಗಿ ಹೆದರತಾಳ?"

ಆಗ ನಾನು ಕೈ ಚಾಚಿ ತೋರಿಸಬೇಕಾಗುತ್ತಿತ್ತು. ತೋರಿಸುತ್ತಿದ್ದೆ.

ಆ ವರ್ಷ ಹೋಳಿಹುಣ್ಣಿಮೆ ಮುಗಿದ ಮೇಲೆ ಒಂದು ಸಂಜೆ ಬಂಡಿಗಳು ಹೊತ್ತಿಗೆ ಮೊದಲೇ ತಿರುಗಿ ಬಂದವು. ಅಪ್ಪ ಒಳಗೆ ಬಂದು ಕಾಲು ತೊಳೆದು ನಡುಮನೆಯ ಕಂಬಕ್ಕೆ ಒರಗಿ ಕುಳಿತ. ಆದದ್ದನ್ನು ಹೇಳಿದವನು ಕಾಕಾ. ರಾಜೇಶ್ವರ ದಾಟಿದ ಮೇಲೆ ಹಳ್ಳದಲ್ಲಿ ಮೂವರು ಅಡ್ಡ ಬಂದರು. ಅಪ್ಪ ಪಿಸ್ತೂಲು ತೆಗೆದು ಮುಂದೆ ಚಾಚಿದ. ಚಾಚಿದ ಕೈಯಿಂದ ಅದು ಒದ್ದೆ ಸಾಬೂನಿನಂತೆ ಜಾರಿ ಮಣ್ಣಿನಲ್ಲಿ ಬಿತ್ತು. ಆ ಮೂವರೂ ಮೊದಲು ದಿಗಿಲುಬಿದ್ದರು, ಆಮೇಲೆ ನಕ್ಕರು. ಎರಡು ಡಬ್ಬಿ ತುಪ್ಪ ಎತ್ತಿಕೊಂಡು ನಗುತ್ತಲೇ ಹೋದರು. ಬಿದ್ದ ಪಿಸ್ತೂಲನ್ನು ಮುಟ್ಟುವ ಗೋಜಿಗೂ ಹೋಗಲಿಲ್ಲ.

"ಯಾರಿಗೂ ಏನೂ ಆಗಿಲ್ಲಲ್ಲ?" ಎಂದಳು ಅವ್ವ.

"ಏನೂ ಆಗಿಲ್ಲ ವೈನಿ. ನಕ್ರು, ಹೋದ್ರು."

"ಅಷ್ಟಾದ್ರ ಸಾಕು."

ಅವ್ವನಿಗೆ ಸಾಕಾಗಿತ್ತು. ಊರಿಗೆ ಸಾಕಾಗಿರಲಿಲ್ಲ. ಹಿಂದಿನ ಬಂಡಿಯವರು ಕಥೆಯನ್ನು ಪೇಟೆಗೆ ಮುಟ್ಟಿಸಿದ್ದರು. ಮರುದಿನದಿಂದ ಅಪ್ಪ ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕುಳಿತವರು ತಮ್ಮ ಕೈಯಿಂದ ಬೀಡಿಯನ್ನೋ ಎಲೆ ಅಡಿಕೆಯ ಚೀಲವನ್ನೋ ಕೆಳಗೆ ಬೀಳಿಸುತ್ತಿದ್ದರು. ಸಾಹುಕಾರರು ಹುಮನಾಬಾದಿನಲ್ಲಿ ಅಪ್ಪನನ್ನು ಕರೆಸಿ ಹೇಳಿದ ಮಾತನ್ನು ಕಾಕಾ ಹಾಗೇ ತಂದ.

"ಶರಣಪ್ಪ, ನೀ ಹಳಬ ಮನುಷ್ಯ ಇದ್ದೀ ಅಂತ ಬಿಡಾಕತ್ತೀನಿ. ಎಳ್ಳಮಾಸಿ ತನಕ ನೋಡ್ತೀನಿ. ಕೈ ನಿಂತ್ರ ಸರಿ, ಇಲ್ಲಾಂದ್ರ ಪಿಸ್ತೂಲ್ ಬ್ಯಾರೆಯವನ ಕೈಗಿ ಹೋಗ್ತದ."

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಅದಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಅಲ್ಲಿಂದ ನಮ್ಮ ಮನೆಯಲ್ಲಿ ಹಿಡಿಕೆಯ ಕಾಲ ಶುರುವಾಯಿತು. ಬೇರೆ ಮನೆಗಳಲ್ಲಿ ಮಗಳ ಗಂಡು, ಹೊಲದ ಬಿತ್ತನೆ ಮಾತಿಗೆ ಬರುವ ಹಾಗೆ ನಮ್ಮ ಊಟದ ಹೊತ್ತಿನಲ್ಲಿ ಹಿಡಿಕೆ ಮಾತಿಗೆ ಬರುತ್ತಿತ್ತು. ಪರೀಕ್ಷೆ ನನ್ನ ಕೈಯ ಮೇಲೆ ನಡೆಯುತ್ತಿತ್ತು. ಅದಕ್ಕೆ ಕಾರಣ ಕಾಕಾ. ಅಪ್ಪ ಪಿಸ್ತೂಲು ಹಿಡಿದು ನಿಂತು, ನಳಿಗೆ ಹಿಡಿದು ಎಳೆ ಎಂದರೆ, ಅಣ್ಣನ ಕೈಯಿಂದ ಕಸಿದುಕೊಳ್ಳಲು ಕಾಕಾನಿಗೆ ಮನಸ್ಸು ಬಾರದು. ಎಳೆದಂತೆ ಮಾಡಿ ಬಿಟ್ಟುಬಿಡುತ್ತಿದ್ದ. ಹಾಗಾಗಿ ಅಪ್ಪನದೇ ಗುಣದ ನನ್ನ ಕೈ ಬೇಕಾಯಿತು. ಅಪ್ಪ ಪಿಸ್ತೂಲನ್ನು ಬಿಚ್ಚಿ, ಗುಂಡಿನ ತೂತುಗಳು ಖಾಲಿ ಇರುವುದನ್ನು ತಾನು ನೋಡಿ, ಅವ್ವನಿಗೆ ತೋರಿಸಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದ. ನಾನು ಗೋಡೆಗೆ ಮುಖ ಮಾಡಿ ಎರಡೂ ಕೈಯಿಂದ ಬಿಗಿಹಿಡಿದು ನಿಲ್ಲುತ್ತಿದ್ದೆ. ಪಕ್ಕದಿಂದ ಕಾಕಾ ನಳಿಗೆ ಹಿಡಿದು ಎಳೆಯುತ್ತಿದ್ದ. ಅದು ಎಷ್ಟು ಭಾರವಿತ್ತೆಂದರೆ ಮೊಣಕೈ ನಡುಗುತ್ತಿತ್ತು. ನನಗೆ ಅದು ಹೆಮ್ಮೆಯ ಕೆಲಸ. ತಮ್ಮಂದಿರಿಬ್ಬರೂ ಹೊಸ್ತಿಲಾಚೆ ಕುಳಿತು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ಮೊದಲು ಬೂದಿ. ಒಲೆಯ ಬೂದಿಯನ್ನು ಅಂಗೈಗೆ ಉಜ್ಜಿಕೊಂಡರೆ ಸ್ವಲ್ಪ ಹೊತ್ತು ಕೈ ಒಣಗಿರುತ್ತಿತ್ತು, ಆಮೇಲೆ ಬೆವರು ಕೂಡಿ ಕೆಸರಾಗುತ್ತಿತ್ತು. ಒಲೆಯ ಬೂದಿ ಒರಟು, ವಿಭೂತಿ ನಯವಾಗಿರುತ್ತದೆ ಎಂದು ಅಪ್ಪನಿಗೆ ಹೊಳೆಯಿತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಹಚ್ಚಿಕೊಂಡವನು ಉಳಿದ ವಿಭೂತಿಯನ್ನು ಎರಡೂ ಅಂಗೈಗೆ ತಿಕ್ಕಿಕೊಂಡು ಪಿಸ್ತೂಲಿಗೆ ಕೈ ಹಾಕಿದ. ಆಯಿ ದೇವರ ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

"ಶರಣಪ್ಪ, ಏನ್ ಮಾಡಾಕತ್ತೀ?"

"ಕೈ ಜಾರ್ತದವ್ವ."

"ಜಾರ್ಲಿ. ಹಣಿಗಿ ಹಚ್ಚೋದು ತಗೊಂಡು ಹೊಡಿಯೋ ಕೈಗಿ ಹಚ್ಚತೀ? ತೊಳಕೊಂಡು ಬಾ, ಹೋಗು."

ಮೂವರು ಮಕ್ಕಳ ತಂದೆಯಾದ ಅಪ್ಪ ಎದ್ದು ಹೋಗಿ ಬಾನಿಯ ನೀರಿನಲ್ಲಿ ಕೈ ತೊಳೆದು ಬಂದ. ಆಯಿ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಬೂದಿಯ ವಿಚಾರ ಅಲ್ಲಿಗೆ ಮುಗಿಯಿತು.

ಆಮೇಲೆ ಕಾಕಾ ಹುಮನಾಬಾದಿನಿಂದ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡೊಂದನ್ನು ತಂದ. ಯುದ್ಧದಿಂದಾಗಿ ರಬ್ಬರು ಸಿಗುವುದೇ ಕಷ್ಟವಾಗಿತ್ತು. ಅದಕ್ಕಾಗಿ ಯಾರ ಕೈಕಾಲು ಹಿಡಿದಿದ್ದನೋ. ಸೀಳಿ, ಹಿಡಿಕೆಗೆ ಬಿಗಿಯಾಗಿ ಸುತ್ತಿ, ಹೊಲಿದ. ಒಣಗಿದ ಕೈಗೆ ಅದು ಅಂಟಿದ ಹಾಗೆ ನಿಲ್ಲುತ್ತಿತ್ತು. ನನ್ನ ಕೈ ಒದ್ದೆಯಾಗುವವರೆಗೆ ಕಾಯೋಣ ಎಂದ ಅಪ್ಪ. ಕಾಯಬೇಕಾಗಲಿಲ್ಲ. ಒದ್ದೆಯಾದ ಕೂಡಲೇ ರಬ್ಬರು ಮೀನಿನಂತಾಯಿತು. ಕಾಕಾ ಮೆಲ್ಲಗೆ ಎಳೆದದ್ದೇ ತಡ, ಪಿಸ್ತೂಲು ಅವನ ಕೈಗೆ ಹೋಗಿ, ಅವನು ಜೋಳದ ಚೀಲದ ಮೇಲೆ ಕುಕ್ಕರಿಸಿದ. ನನ್ನ ಕೈಯಿಂದ ರಬ್ಬರಿನ ವಾಸನೆ ಹೋಗಲು ಬಹಳ ದಿನ ಬೇಕಾಯಿತು.

ಮೂರನೆಯ ಉಪಾಯ ಪಕ್ಕದ ಮನೆಯ ಚಾಂದಬಿಯದು. ಅವಳ ಮನೆಯಲ್ಲಿ ಅರಗಿನ ಬಳೆ ಮಾಡುತ್ತಿದ್ದರು. ಹಿತ್ತಲಿನ ಗೋಡೆಯ ಮೇಲಿಂದ ಅವ್ವನಿಗೂ ಅವಳಿಗೂ ದಿನವೂ ಮಾತು, ಮಜ್ಜಿಗೆ, ಪುಂಡಿಪಲ್ಯದ ಬಟ್ಟಲು ದಾಟುತ್ತಿದ್ದವು. ನಾನು ಅವಳನ್ನು ಖಾಲಾ ಎನ್ನುತ್ತಿದ್ದೆ.

"ಅರೆ, ಇದಕ್ಕ ಇಷ್ಟ್ ಫಿಕರ್ ಯಾಕ? ಜರಾ ಅರಗು ಕಾಸಿ ಹಚ್ಚಿ, ಮ್ಯಾಲ ಸಣ್ಣ ಉಸುಕು ಒತ್ತಿಬಿಡ್ತೀನಿ. ಹುಲಿ ಎಳದ್ರೂ ಬಿಡಂಗಿಲ್ಲ."

ಒತ್ತಿದಳು. ಉಳಿದದ್ದಕ್ಕಿಂತ ಇದು ಚೆನ್ನಾಗಿತ್ತು. ಮನೆಯ ತಂಪಿನಲ್ಲಿ ಕಾಕಾ ಎಷ್ಟು ಎಳೆದರೂ ನನ್ನ ಕೈ ಬಿಡಲಿಲ್ಲ. ಅಪ್ಪ ಬಹಳ ದಿನಗಳ ಮೇಲೆ ನಕ್ಕದ್ದನ್ನು ಅಂದು ನೋಡಿದೆ. ಆದರೆ ಅದು ವೈಶಾಖ. ಬಂಡಿಯ ಪಕ್ಕದಲ್ಲಿ ಬಿಸಿಲಿನಲ್ಲಿ ನಡೆದು ನಡೆದು ಸೊಂಟದಲ್ಲಿದ್ದ ಪಿಸ್ತೂಲು ಕಾಯಿತು, ಅರಗು ಮೆತ್ತಗಾಯಿತು. ದಾರಿಯಲ್ಲಿ ನರಿಯೊಂದು ಅಡ್ಡ ಓಡಿದಾಗ ಸುಮ್ಮನೆ ಕೈ ಹಾಕಿದ ಅಪ್ಪನಿಗೆ ಮತ್ತೆ ಕೈ ತೆಗೆಯಲಾಗಲಿಲ್ಲ. ಅಂಗೈಯನ್ನು ಪಿಸ್ತೂಲಿಗೆ ಅಂಟಿಸಿಕೊಂಡೇ ಮನೆಗೆ ಬಂದ. ಅವ್ವ ಎಣ್ಣೆ ಬಿಟ್ಟು, ಚಾಂದಬಿ ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿ, ಅವನ ಕೈ ಬಿಡಿಸಿದರು. ಚರ್ಮವೂ ಸ್ವಲ್ಪ ಬಂತು. ಚಾಂದಬಿ ಮೊದಲು ಬೈದುಕೊಂಡಳು, ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವನೂ ನಕ್ಕಳು. ಅಪ್ಪ ನಗಲಿಲ್ಲ.

ಮಳೆಗಾಲದಲ್ಲಿ ಬಡಿಗನೊಬ್ಬ ಜಾಲಿ ಕಟ್ಟಿಗೆಯ ಹೊಸ ಬದಿಗಳನ್ನು ಮಾಡಿ, ಅವುಗಳ ಮೇಲೆ ಅಡ್ಡ ಉದ್ದ ಗೀರು ಕೊರೆದು ಕೊಟ್ಟ. ಜಾರಲಿಲ್ಲ, ಆದರೆ ದಪ್ಪವಾಯಿತು. ಗುಂಡು ಹಾರಿಸುವ ಕೀಲಿಗೆ ಬೆರಳು ಎಟುಕಬೇಕಾದರೆ ಅಂಗೈ ಸಡಿಲಬೇಕು. ಜೊತೆಗೆ ಆ ಗೀರುಗಳು ಅಂಗೈಯನ್ನು ತುರಿಯುತ್ತಿದ್ದವು. ಗುಳ್ಳೆ ಎದ್ದು, ಒಡೆದು, ಕೈ ಇನ್ನಷ್ಟು ಒದ್ದೆಯಾಯಿತು. ಬದಿಗಳನ್ನು ಬಿಚ್ಚಿ ಹಳೆಯ ಕಪ್ಪು ಕಟ್ಟಿಗೆಯನ್ನೇ ಮತ್ತೆ ಕೂಡಿಸಿದ್ದಾಯಿತು.

ಇಷ್ಟು ದಿನ ಅವ್ವ ಯಾವುದಕ್ಕೂ ಹೂಂ ಎಂದಿರಲಿಲ್ಲ, ಉಹುಂ ಎಂದಿರಲಿಲ್ಲ. ಅವಳ ಲೆಕ್ಕ ನನಗೆ ಆಗಲೂ ಅರ್ಥವಾಗುತ್ತಿತ್ತು. ಹಿಡಿಕೆ ಸರಿಯಾಗದಿದ್ದರೆ ಎಳ್ಳಮಾಸಿಗೆ ಪಿಸ್ತೂಲು ಬೇರೆಯವನ ಪಾಲಾಗುತ್ತದೆ, ಗಂಡ ಮನೆಯಲ್ಲಿರುತ್ತಾನೆ. ಊರ ಹೊರಗೆ ಒಂದು ತುಂಡು ಹೊಲವಿತ್ತು, ಎಮ್ಮೆ ಇತ್ತು. ಬದುಕಲು ಅಷ್ಟು ಸಾಕು ಎಂದು ಅವಳ ನಂಬಿಕೆ. ದಸರೆಯ ಹೊತ್ತಿಗೆ ಒಂದು ದಿನ ಊಟಕ್ಕೆ ಕುಳಿತ ಅಪ್ಪ, ರೊಟ್ಟಿ ಮುರಿದು, ಮುರಿದದ್ದನ್ನು ತಾಟಿನಲ್ಲೇ ಬಿಟ್ಟು ಹೇಳಿದ.

"ಎಳ್ಳಮಾಸಿ ಮುಗದ್ರ ನಾ ಕೋಲ್ ಹಿಡದಾದ್ರೂ ಹೋಗ್ತೀನಿ. ಸಾಹುಕಾರ ಬ್ಯಾಡ ಅಂದ್ರ ಬ್ಯಾರೆ ಸಾಹುಕಾರ. ಕಟ್ಟಿ ಮ್ಯಾಲ ಕೂತು ಅವ್ರು ಬೀಡಿ ಬೀಳಸೋದು ನೋಡ್ಕೋತ ನಾ ಮನ್ಯಾಗ ಇರಂಗಿಲ್ಲ."

"ಕೋಲಿಗಿ ಯಾರ್ ಹೆದರ್ತಾರ್ರಿ ಈಗ? ಸಾಯ್ತೀರಿ," ಎಂದಳು ಅವ್ವ.

"ಸಾಯ್ತೀನಿ."

ಅದನ್ನು ಅವನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಅವ್ವ ಕೂಗಿ ಉತ್ತರ ಕೊಡುತ್ತಿದ್ದಳು. ಅವಳು ಎದ್ದು ಅವನ ತಾಟಿಗೆ ಇನ್ನಷ್ಟು ಜುಣಕ ಹಾಕಿದಳು. ಮರುದಿನ ಬೆಳಿಗ್ಗೆ ಬೀಸುವ ಕಲ್ಲಿನ ಮೇಲಿನ ಗೂಡಿಗೆ ತಾನೇ ಕೈ ಹಾಕಿ, ಮೊದಲ ಸಲ ಆ ಪಿಸ್ತೂಲನ್ನು ಮುಟ್ಟಿ, ಇಳಿಸಿದಳು.

"ಹೋಗೋದಂತೂ ಬಿಡಂಗಿಲ್ಲ. ಹೋದವ್ರು ತಿರುಗಿ ಬರ್ಲಿ," ಎಂದಳು. ಯಾರಿಗೆ ಹೇಳಿದಳೋ, ನಡುಮನೆಯಲ್ಲಿ ನಾನೊಬ್ಬಳೇ ಇದ್ದೆ.

ಅವ್ವ ಕೌದಿ ಹೊಲಿಯುವ ದಪ್ಪ ನೂಲನ್ನು ತೆಗೆದುಕೊಂಡಳು. ಮೂರೆಳೆ ಕೂಡಿಸಿ ತೊಡೆಯ ಮೇಲೆ ಹೊಸೆದು ಹುರಿ ಮಾಡಿದಳು. ನನ್ನ ಅಂಗೈಗೆ ಅರಿಶಿನದ ನೀರು ಸವರಿ, ಹಿಡಿಕೆಯನ್ನು ಹಿಡಿ ಎಂದಳು. ಕಪ್ಪು ಕಟ್ಟಿಗೆಯ ಮೇಲೆ ಹಳದಿ ಮೂಡಿದ ಜಾಗ ಅಂಗೈ ತಾಗುವ ಜಾಗ. ಮೂಡದ ಜಾಗ ಬೆರಳ ಸಂದಿನ ಟೊಳ್ಳು. ಅದೇ ರೀತಿ ಅಪ್ಪನ ಕೈಗೂ ಮಾಡಿ ನೋಡಿದಳು. ಆಮೇಲೆ ಕೆಳಗಿನಿಂದ ಮೇಲಕ್ಕೆ ಒತ್ತೊತ್ತಾಗಿ ಹುರಿ ಸುತ್ತುತ್ತ ಬಂದು, ಟೊಳ್ಳು ಇದ್ದಲ್ಲೆಲ್ಲ ಒಂದೊಂದು ಸಣ್ಣ ಗಂಟು ಹಾಕಿದಳು. ಕೊನೆಗೆ ಇಡೀ ಹಿಡಿಕೆಯನ್ನು ನೀರಲ್ಲಿ ನೆನೆಸಿದ ಬಟ್ಟೆಯಿಂದ ಒತ್ತಿ ಒಣಗಿಸಿದಳು. ನೂಲು ನೀರು ಕುಡಿದಷ್ಟೂ ಬಿಗಿಯಾಗುತ್ತದೆ. ಬೆವರು ಕುಡಿದರೂ ಅಷ್ಟೇ ಬಿಗಿಯಾಗುತ್ತದೆ. ನನ್ನ ಕೈಗೆ ಕೊಟ್ಟಾಗ ಬೆರಳುಗಳು ತಾವಾಗಿಯೇ ಗಂಟುಗಳ ನಡುವೆ ಹೋಗಿ ಕುಳಿತವು. ಕಾಕಾ ಎಳೆದ, ಕಾಲು ಊರಿ ಎಳೆದ. ಪಿಸ್ತೂಲಿನ ಜೊತೆ ನಾನೂ ನಡುಮನೆಯ ತುಂಬ ಎಳೆದಾಡಿಸಿಕೊಂಡೆ, ಕೈ ಮಾತ್ರ ಬಿಡಲಿಲ್ಲ.

ಮುಂದೆ ನಾನು ನರ್ಸಾಗಿ ಹೆರಿಗೆ ಕೋಣೆಯಲ್ಲಿ ದುಡಿದೆ. ಬೆವರುವ ಕೈಯವಳಿಗೆ ಈ ಕೆಲಸ ಹೇಗೆ ಸಾಧ್ಯ ಎಂದು ಹಿರಿಯ ನರ್ಸೊಬ್ಬರು ಕೇಳಿದ್ದರು. ಒದ್ದೆಯಾದದ್ದನ್ನು ಬಿಗಿಯಾಗಿ ಒತ್ತಿ ಹಿಡಿಯಬಾರದು, ಅದರ ಆಕಾರಕ್ಕೆ ಬೆರಳು ಕೂಡಿಸಬೇಕು ಎಂದೆ. ಎಲ್ಲಿ ಕಲಿತೆ ಎಂದರು. ಮನೆಯಲ್ಲಿ ಎಂದೆ.

ಎಳ್ಳಮಾಸಿಗೆ ಮುಂಚೆ ಅಪ್ಪ ನನ್ನನ್ನೂ ಬಂಡಿಯಲ್ಲಿ ಹುಮನಾಬಾದಿಗೆ ಕರೆದುಕೊಂಡು ಹೋದ. ಸಾಹುಕಾರರ ಅಂಗಡಿಯ ಹಿಂದೆ ದೊಡ್ಡ ಅಂಗಳ, ತೊಗರಿಯ ರಾಶಿ, ಮೂಟೆ ಹೊರುವ ಹಮಾಲರು. ಸಾಹುಕಾರರು ಗಾದಿಯಿಂದ ಎದ್ದು ಬಂದು, ಹಮಾಲರಲ್ಲಿ ಎಲ್ಲರಿಗಿಂತ ದಪ್ಪನೆಯವನನ್ನು ಕರೆದರು. ಅಪ್ಪ ಖಾಲಿ ಪಿಸ್ತೂಲನ್ನು ನೆಲದ ಕಡೆ ಚಾಚಿ ನಿಂತ. ಹಮಾಲ ಎರಡೂ ಕೈಯಿಂದ ನಳಿಗೆ ಹಿಡಿದು ಎಳೆದ. ಅಪ್ಪನ ಕಾಲು ತೊಗರಿಯ ಮೇಲೆ ಜಾರಿತು, ಅವನು ಮಂಡಿಯೂರಿದ, ಅಂಗಳದ ಈ ಬದಿಯಿಂದ ಆ ಬದಿಗೆ ಎಳೆಯಲ್ಪಟ್ಟ. ಮುಷ್ಟಿ ಬಿಚ್ಚಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ಶಾಬಾಸ್ ಶರಣಪ್ಪ! ಯಾರ್ ಕಟ್ಟಿಕೊಟ್ರು ಇದು?" ಎಂದರು ಸಾಹುಕಾರರು.

"ಮನ್ಯಾಗ ಕಟ್ಟ್ಯಾರ್ರಿ," ಎಂದ ಅಪ್ಪ. ಅವನ ಮಂಡಿಯಿಂದ ರಕ್ತ ಬರುತ್ತಿತ್ತು. ನನಗೆ ಅಂದು ಜಿಲೇಬಿ ಕೊಡಿಸಿದ. ತಿರುಗಿ ಬರುವಾಗ ದಾರಿಯುದ್ದಕ್ಕೂ ಕಾಕಾನ ಜೊತೆ ಮಾತಾಡುತ್ತಲೇ ಇದ್ದ. ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಎಳ್ಳಮಾಸಿ ಬಂತು. ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಊಟವಾಯಿತು. ಅದಾಗಿ ಬಹಳ ದಿನ ಕಳೆದಿರಲಿಲ್ಲ, ಒಂದು ಬೆಳಗಿನ ಹೊತ್ತು ಅದೇ ಹಳ್ಳದಲ್ಲಿ ಮತ್ತೆ ಮೂವರು ಅಡ್ಡ ಬಂದರು. ಅಪ್ಪ ಪಿಸ್ತೂಲು ತೆಗೆದ. ಅವರು ಕಥೆ ಕೇಳಿದ್ದವರು. ಒಬ್ಬ ನಕ್ಕು, "ಬೀಳ್ಸು, ಬೀಳ್ಸು," ಎನ್ನುತ್ತ ಕುಡಗೋಲು ಎತ್ತಿಕೊಂಡು ಮುಂದೆ ಬಂದ. ಪಿಸ್ತೂಲು ಬೀಳಲಿಲ್ಲ. ಗುಂಡು ಹಾರಿತು. ಉಳಿದಿಬ್ಬರು ತೊಗರಿ ಹೊಲದಲ್ಲಿ ಓಡಿ ಮಾಯವಾದರು. ಬಿದ್ದವನಿಗೆ ಇಪ್ಪತ್ತರ ಆಸುಪಾಸು. ಕಾಕಾ ಹಳ್ಳದಿಂದ ರುಮಾಲಿನಲ್ಲಿ ನೀರು ನೆನೆಸಿ ತಂದು ಬಾಯಿಗೆ ಹಿಂಡುವಷ್ಟರಲ್ಲಿ ಅವನು ತೀರಿಕೊಂಡಿದ್ದ.

ಪೊಲೀಸಿನ ಅಮೀನರು ಬಂದರು, ಪಂಚನಾಮೆಯಾಯಿತು. ಲೈಸೆನ್ಸಿತ್ತು, ಸಾಕ್ಷಿಯಿತ್ತು, ಕುಡಗೋಲಿತ್ತು. ಅಪ್ಪನ ತಪ್ಪಿಲ್ಲ ಎಂದಾಯಿತು. ಸಾಹುಕಾರರು ರೇಷ್ಮೆಯ ಅಂಚಿನ ರುಮಾಲು ಸುತ್ತಿಸಿದರು. ಕಟ್ಟೆಯ ಮೇಲಿನವರು ಈಗ ಎದ್ದು ನಿಂತು ಬರ್ರಿ ಬರ್ರಿ ಎನ್ನತೊಡಗಿದರು. ಅಪ್ಪ ಅವರ ಜೊತೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದ. ಮನೆಯಲ್ಲಿ ಅದರ ಮಾತು ಎತ್ತುತ್ತಿರಲಿಲ್ಲ. ಆಯಿ ಮಗನಿಗೆ ವಿಭೂತಿಯ ಬಟ್ಟಲನ್ನು ಕೊಡುವಾಗ ಈಗ ಕೈಗೆ ಕೊಡದೆ ನೆಲದ ಮೇಲೆ ಇಡುತ್ತಿದ್ದಳು. ಅಪ್ಪ ಅಲ್ಲಿಂದ ಎತ್ತಿಕೊಳ್ಳುತ್ತಿದ್ದ. ಅವ್ವ ಒಂದೇ ಒಂದು ಸಲ, ಹುರಿಯನ್ನು ಬಿಚ್ಚಿಬಿಡಲೇ ಎಂದು ಕೇಳಿದಳು.

"ಈಗ್ಯಾಕ ಬಿಚ್ಚತೀ? ಬರೋಬರ್ ಅದ ಅದು."

ಅವ್ವ ಬಿಚ್ಚಲಿಲ್ಲ. ಅಪ್ಪ ಮತ್ತೆ ಬಂಡಿಗಳ ಜೊತೆ ಹೋಗತೊಡಗಿದ. ಬಂಡಿ ತಡೆಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಒಬ್ಬ ಮುದುಕಿ ನಮ್ಮ ಬಾಗಿಲಿಗೆ ಬಂದಳು. ಕಾಲಿಗೆ ಮೆಟ್ಟಿರಲಿಲ್ಲ, ಮಂಡಿಯವರೆಗೆ ದಾರಿಯ ಧೂಳು. ಭಿಕ್ಷೆಗೆ ಬಂದವಳೆಂದು ನಾನು ಮೊರದಲ್ಲಿ ಜೋಳ ತಂದೆ. ಅವಳು ಮೊರವನ್ನು ನೋಡಲಿಲ್ಲ.

"ಶರಣಪ್ಪಂದು ಇದೇ ಮನಿ ಹೌದಾ?"

"ಹೌದು."

"ಹಳ್ಳದಾಗ ಸತ್ತಾಂವ ನನ್ನ ಮಗ. ಹೊಡದಾಂವನ ಕೈ ಒಮ್ಮಿ ನೋಡಬೇಕಂತ ಬಂದೀನಿ."

ಪಡಸಾಲೆಯಲ್ಲಿ ಮಲಗಿದ್ದ ಅಪ್ಪ ಎದ್ದು ಕುಳಿತಿದ್ದ. ಹಿಂದಿನ ಬಾಗಿಲಿನಿಂದ ಹೋಗಬಹುದಾಗಿತ್ತು. ಹೋಗಲಿಲ್ಲ. ಮುದುಕಿ ಒಳಗೆ ಬಂದು ಅವನ ಎದುರು ನೆಲದ ಮೇಲೆ ಕುಳಿತು, ಕೈ ಚಾಚಿದಳು. ಅಪ್ಪ ತನ್ನ ಬಲಗೈಯನ್ನು ಧೋತರಕ್ಕೆ ಒರೆಸಿ, ಮತ್ತೊಮ್ಮೆ ಒರೆಸಿ, ಅವಳ ಕೈಯಲ್ಲಿ ಇಟ್ಟ. ಅವಳು ಅದನ್ನು ತಿರುಗಿಸಿ ಅಂಗೈ ನೋಡಿದಳು. ನೋಡನೋಡುತ್ತ ಅದು ಒದ್ದೆಯಾಯಿತು. ಅವಳ ಹೆಬ್ಬೆರಳು ಆ ಬೆವರನ್ನು ಒರೆಸಿತು, ಮತ್ತೆ ಬಂತು.

"ಹೆದರಿದ್ದೇನಪಾ ಅವತ್ತು?"

ನಾನು ಕೈ ಚಾಚಿ ತೋರಿಸಲು ಸಿದ್ಧಳಾಗಿ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

"ಹೆದರಿದ್ದೆ, ಅವ್ವಾ. ಭಾಳ ಹೆದರಿದ್ದೆ."

ಮುದುಕಿ ತಲೆಯಾಡಿಸಿದಳು. ತನ್ನ ಮಗನೂ ಹೆದರುವವನೇ, ಚಿಕ್ಕವನಿದ್ದಾಗ ಗುಡುಗಿದರೆ ಸೀರೆಯಲ್ಲಿ ಬಂದು ಸೇರಿಕೊಳ್ಳುತ್ತಿದ್ದ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ತಿಳಿದುಕೊಳ್ಳಲು ಬಂದಿದ್ದಳು, ಅಷ್ಟೇ. ಆಗ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಮಾತಾಡಿದಳು.

"ಪಿಸ್ತೂಲ್ ಜಾರ್ತಿತ್ರಿ ಅವ್ರ ಕೈಯಾಗ. ಜಾರಬಾರ್ದಂತ ಹುರಿ ಸುತ್ತಿದಾಕಿ ನಾ ಅದೀನಿ."

ಮುದುಕಿ ಅವ್ವನ ಕಡೆ ತಿರುಗಿದಳು.

"ಸುತ್ತಿರ್ತಿ ತಂಗಿ. ನಾನೂ ಅವತ್ತು ಅಂವಗ ಬುತ್ತಿ ಕಟ್ಟಿ ಕಳಿಸಿದ್ದೆ. ಎಲ್ಲಿಗಿ ಹೊಂಟೀ ಅಂತ ಕೇಳ್ಲಿಲ್ಲ."

ಅವ್ವ ಅವಳ ಪಕ್ಕದಲ್ಲಿ ಕುಳಿತಳು. ಆಯಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಿಟ್ಟಳು, ಮುದುಕಿ ಕುಡಿದಳು. ಊಟಕ್ಕೆ ಏಳಲಿಲ್ಲ. ಬಿಸಿಲು ಇಳಿದ ಮೇಲೆ ಅಪ್ಪ ಅವಳನ್ನು ಊರ ಹೊರಗಿನ ಬಂಡಿದಾರಿಯವರೆಗೆ ಕರೆದುಕೊಂಡು ಹೋದ. ಇಬ್ಬರೂ ಅಕ್ಕಪಕ್ಕದಲ್ಲಿ ನಡೆದು ಓಣಿ ದಾಟುವುದನ್ನು ಕಟ್ಟೆಯ ಮೇಲಿನವರು ನೋಡಿದರು. ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಸಲ ಬಂಡಿ ಹೋದಾಗ ಅಪ್ಪ ಹುಮನಾಬಾದಿನಲ್ಲಿ ಪಿಸ್ತೂಲನ್ನೂ ಗುಂಡಿನ ಡಬ್ಬಿಯನ್ನೂ ಸಾಹುಕಾರರ ಗಾದಿಯ ಮುಂದೆ ಇಟ್ಟು ಬಂದ. ಈಗ ಯಾಕೆ, ಈಗಲೇ ತಾನೇ ಹೆಸರು ಬಂದಿರುವುದು ಎಂದು ಸಾಹುಕಾರರು ಅಚ್ಚರಿಪಟ್ಟರಂತೆ. ನನಗೆ ಹೆದರಿಕೆ ಆಗುತ್ತದೆ ಎಂದನಂತೆ ಅಪ್ಪ. ಅಂಗಳದ ತುಂಬ ಹಮಾಲರಿದ್ದರು, ಎಲ್ಲರಿಗೂ ಕೇಳುವಂತೆ ಹೇಳಿದ ಎಂದು ಕಾಕಾ ತಲೆ ತಗ್ಗಿಸಿಕೊಂಡು ನಮಗೆ ತಿಳಿಸಿದ. ಅಪ್ಪ ತಲೆ ತಗ್ಗಿಸಿರಲಿಲ್ಲ. ಕಾಲು ತೊಳೆದು ಒಳಗೆ ಬಂದು, ಹಸಿವಾಗಿದೆ ಎಂದ. ಅವ್ವ ತಾಟು ಹಾಕಿದಳು. ಮುಂದೆ ಹೊಲ ಮಾಡಿಕೊಂಡು ಬಾಳಿದ ವರ್ಷಗಳಲ್ಲಿ, ಕೈ ಯಾಕೆ ಬೆವರುತ್ತದೆ ಎಂದು ಯಾರಾದರೂ ಕೇಳಿದರೆ ಹೆದರಿಕೆಗೆ ಎಂದೇ ಹೇಳುತ್ತಿದ್ದ, ತನ್ನ ಊರಿನ ಹೆಸರು ಹೇಳಿದಷ್ಟು ಸಹಜವಾಗಿ. ಕೈ ತೋರಿಸು ಎಂದು ನನಗೆ ಮತ್ತೆಂದೂ ಹೇಳಲಿಲ್ಲ.